ಆಟಕ್ಕುಂಟು, ಲೆಕ್ಕಕ್ಕಿಲ್ಲ: ನಮ್ಮ ಗ್ರೌಂಡು ಹೋದದ್ದೆಲ್ಲಿಗೆ?

ಟೀಮ್ ಮಾಡುವಾಗ ಯಾವಾಗಲೂ ಒಬ್ಬ ಚಿಕ್ಕ ಹುಡುಗ ಉಳಿದುಬಿಡುತ್ತಿದ್ದ. ಯಾರದೋ ತಮ್ಮ. ಬಿಟ್ಟು ಆಡಿದರೆ ಮನೆಗೆ ಹೋಗಿ ಚಾಡಿ ಹೇಳುತ್ತಾನೆ, ಸೇರಿಸಿಕೊಂಡರೆ ಮ್ಯಾಚ್ ಕೆಡುತ್ತದೆ. ಅದಕ್ಕೊಂದು ಉಪಾಯ ಇತ್ತು. 'ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅಂದುಬಿಡುವುದು. ಅವನು ಓಡಾಡಬಹುದು, ಬಾಲ್ ಹೆಕ್ಕಿ ತರಬಹುದು, ಕತ್ತಲಾಗುವ ಹೊತ್ತಿಗೆ ಎರಡು ಬಾಲ್ ಬ್ಯಾಟಿಂಗೂ ಸಿಗಬಹುದು. ಔಟಾದರೆ ಔಟಲ್ಲ, ರನ್ ಹೊಡೆದರೆ ರನ್ನಲ್ಲ.

ಆ ಲೆಕ್ಕಕ್ಕಿಲ್ಲದ ಕೆಲಸವನ್ನು ನಾನೂ ಎರಡು ವರ್ಷ ಮಾಡಿದ್ದೇನೆ, ಇರಲಿ. ಈಗ ಯೋಚಿಸಿದರೆ ನಾವು ಆಡುತ್ತಿದ್ದ ಜಾಗದ ಕಥೆಯೂ ಅದೇ. ಆಟಕ್ಕೆ ಇತ್ತು, ಲೆಕ್ಕಕ್ಕೆ ಇರಲಿಲ್ಲ. ಅದು ಆಟದ ಮೈದಾನ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಹಾಗಾಗಿ ಹೋದಾಗ ಯಾರೂ ಕೇಳಲಿಲ್ಲ. ಕೇಳೋಣ ಅಂದರೂ ಕೈಯಲ್ಲಿ ಏನಿತ್ತು?

ತುಮಕೂರಿನಲ್ಲಿ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿ ಐದು ನಿಮಿಷ ನಡೆದರೆ ನಮ್ಮ ಬಡಾವಣೆ. ತೊಂಬತ್ತರ ದಶಕದಲ್ಲಿ ಅಲ್ಲಿ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ನಡುವೆ ದೊಡ್ಡದೊಂದು ಬಯಲು, ಅದರ ಮೂಲೆಯಲ್ಲಿ ಒಂದು ಹುಣಸೆಮರ. ಅದಕ್ಕೇ ಹುಣಸೆಮರದ ಗ್ರೌಂಡು ಅನ್ನುತ್ತಿದ್ದೆವು. ಹುಲ್ಲು ಗಿಲ್ಲು ಏನೂ ಇಲ್ಲ, ಕೆಂಪು ಮಣ್ಣು, ಗರುಸು ಕಲ್ಲು. ಬಿದ್ದರೆ ಮೊಣಕಾಲು ತರಿದು ಹೋಗುವುದು ಗ್ಯಾರಂಟಿ. ಕಲ್ಪತರು ನಾಡು ನೋಡಿ, ಬ್ಯಾಟಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ತೆಂಗಿನ ಗರಿಯ ಒಣಗಿದ ಮಟ್ಟೆಯನ್ನು ಮಚ್ಚಿನಲ್ಲಿ ಕೆತ್ತಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದರೆ ಒಂದು ಸೀಸನ್ ಬರುತ್ತಿತ್ತು. ವಿಕೆಟ್ ಅಂದರೆ ಮೂರು ಇಟ್ಟಿಗೆ, ಇಲ್ಲವೆ ಯಾರದೋ ಸ್ಕೂಲ್ ಬ್ಯಾಗು.

ಕ್ರಿಕೆಟ್ ಒಂದೇ ಅಲ್ಲ. ಆಟಗಳಿಗೂ ಬೆಳೆಗಳ ಹಾಗೆ ಕಾಲ ಇತ್ತು. ಆಷಾಢದ ಗಾಳಿಗೆ ಪಟ. ಇನ್ಯಾವಾಗಲೋ ಒಬ್ಬ ಬುಗುರಿ ತಂದರೆ ವಾರದೊಳಗೆ ಇಡೀ ಬೀದಿಯ ಜೇಬಲ್ಲೂ ಬುಗುರಿ, ಆಮೇಲೆ ಒಂದು ದಿನ ಎಲ್ಲರೂ ಗೋಲಿಗೆ ಇಳಿದಿರುತ್ತಿದ್ದರು, ಯಾರು ಹೇಳಿದರು, ಯಾವಾಗ ತೀರ್ಮಾನ ಆಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಲಗೋರಿ, ಮರಕೋತಿ, ಚಿನ್ನಿದಾಂಡು, ಒಂದು ಪಕ್ಕದಲ್ಲಿ ಹೆಣ್ಣುಮಕ್ಕಳ ಕುಂಟೆಬಿಲ್ಲೆ. ಬೆಳಿಗ್ಗೆ ಅದೇ ಜಾಗದಲ್ಲಿ ಹಸುಗಳು. ಮಧ್ಯಾಹ್ನ ಯಾರೋ ಹುಣಸೆಹಣ್ಣು ಒಣಗಲು ಹರವಿರುತ್ತಿದ್ದರು. ಮದುವೆ ಬಂದರೆ ಶಾಮಿಯಾನ, ಹಬ್ಬಕ್ಕೆ ಗಣಪತಿ. ಸಂಜೆ ನಾಲ್ಕೂವರೆಯ ಮೇಲೆ ನಮ್ಮದು. ಯಾರೂ ಯಾರನ್ನೂ ಪರ್ಮಿಷನ್ ಕೇಳಿದ್ದು ನೆನಪಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಸುಳ್ಳಾಗುತ್ತದೆ. ಆ ಗ್ರೌಂಡು ಸ್ವರ್ಗವೇನೂ ಆಗಿರಲಿಲ್ಲ. ತುಕ್ಕು ಮೊಳೆ ಚುಚ್ಚಿಸಿಕೊಂಡು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡವರು ನಮ್ಮಲ್ಲಿ ಆರೇಳು ಜನ. ಒಂದು ಅಂಚು ಬಯಲು ಶೌಚಕ್ಕೆ ಮೀಸಲು, ಬಾಲ್ ಆ ಕಡೆ ಹೋದರೆ ಹೊಡೆದವನೇ ತರಬೇಕು. ನನ್ನ ಅಕ್ಕ ನನಗಿಂತ ಚೆನ್ನಾಗಿ ಲಗೋರಿ ಆಡುತ್ತಿದ್ದಳು, ಅವಳ ಗುರಿ ತಪ್ಪುತ್ತಲೇ ಇರಲಿಲ್ಲ. ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ 'ಸಾಕು, ದೊಡ್ಡವಳಾದೆ' ಅಂದರು ಅಜ್ಜಿ. ಅಲ್ಲಿಗೆ ಮುಗಿಯಿತು. ಅವಳಿಗೆ ಗ್ರೌಂಡು ಹೋದದ್ದು ನಮಗಿಂತ ಹದಿನೈದು ವರ್ಷ ಮೊದಲು. ಇನ್ನೊಂದು, ಪಕ್ಕದ ಕಾಲೋನಿಯ ಹುಡುಗರು ನಮ್ಮ ಜೊತೆ ದಿನಾ ಆಡುತ್ತಿದ್ದರು, ನಮ್ಮ ಟೀಮಿನ ಒಳ್ಳೆಯ ಬೌಲರ್‌ಗಳೆಲ್ಲ ಅವರೇ, ಆದರೆ ಬಾಯಾರಿದಾಗ ನಾವು ನಮ್ಮ ಅಡುಗೆಮನೆಗೆ ಓಡುತ್ತಿದ್ದೆವು, ಅವರು ಬೀದಿ ನಲ್ಲಿಗೆ ಹೋಗುತ್ತಿದ್ದರು. ಅದನ್ನು ಆಗ ಯಾರೂ ಹೇಳಿಕೊಡಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆದರೂ ಆ ಹುಡುಗರನ್ನು ನಾನು ಹೆಸರು ಹಿಡಿದು ಕರೆಯುವಷ್ಟು ಬಲ್ಲೆ ಅಂದರೆ ಅದು ಆ ಗ್ರೌಂಡಿನಿಂದ. ಶಾಲೆ ಬೇರೆ ಇತ್ತು, ಬೀದಿ ಬೇರೆ ಇತ್ತು, ಬಯಲು ಮಾತ್ರ ಒಂದೇ.

ಅದು ಒಂದೇ ಸಲಕ್ಕೆ ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಬುಲ್ಡೋಜರ್ ಬಂದು ನಿಂತಿದ್ದರೆ ಬಹುಶಃ ಜಗಳವಾದರೂ ಆಗುತ್ತಿತ್ತು. ಮೊದಲು ಒಂದು ಮೂಲೆಗೆ ನೀರಿನ ಓವರ್‌ಹೆಡ್ ಟ್ಯಾಂಕ್ ಬಂತು. ಹೇಮಾವತಿ ನೀರು ಬರುತ್ತದೆ ಅಂತ ಎಲ್ಲರಿಗೂ ಖುಷಿ. ನೀರು ಬೇಡ ಅಂತ ಯಾರು ಹೇಳುತ್ತಾರೆ? ಬೌಂಡರಿ ಸ್ವಲ್ಪ ಒಳಗೆ ಬಂತು, ಅಷ್ಟೆ. ಆಮೇಲೆ ಹುಣಸೆಮರದ ಕೆಳಗಿದ್ದ ನಾಗರಕಲ್ಲಿಗೆ ಮೊದಲು ಕಟ್ಟೆ, ನಂತರ ತಗಡಿನ ಚಪ್ಪರ, ನಂತರ ಗುಡಿ, ಗುಡಿ ಅಂದ ಮೇಲೆ ಕಾಂಪೌಂಡು. ದೇವರನ್ನು ಬೇಡ ಅನ್ನುವವರೂ ಇಲ್ಲ. ಮೂರನೆಯದಾಗಿ ಸಮುದಾಯ ಭವನ. ಉಳಿದ ತುಂಡಿಗೆ ಬೇಲಿ ಹಾಕಿ ಪಾರ್ಕ್ ಮಾಡಿದರು. ಇಷ್ಟಾಗಲು ಹತ್ತು ಹನ್ನೆರಡು ವರ್ಷ ಹಿಡಿಯಿತು, ಒಂದೊಂದಕ್ಕೂ ಒಳ್ಳೆಯ ಕಾರಣ ಇತ್ತು, ಒಂದೊಂದಕ್ಕೂ ಗುದ್ದಲಿ ಪೂಜೆ ಆಯಿತು, ಲಾಡು ಹಂಚಿದರು, ನಾನೂ ತಿಂದಿದ್ದೇನೆ.

ಇದು ನಮ್ಮ ಒಂದು ಬಡಾವಣೆಯ ದುರದೃಷ್ಟ ಅಂದುಕೊಂಡಿದ್ದೆ. ಗೆಳೆಯರನ್ನು ಕೇಳುತ್ತಾ ಹೋದರೆ ಊರಲ್ಲೆಲ್ಲ ಇದೇ ಕಥೆ, ಮರ ಮಾತ್ರ ಬೇರೆ. ಹಾಗಾಗಿ ಕಾರಣವನ್ನು ನಮ್ಮ ಬೀದಿಯಾಚೆ ಹುಡುಕಬೇಕು.

ಮೊದಲು ಕಾಗದದ ವಿಷಯ. ಒಂದು ಬಡಾವಣೆ ಮಾಡುವಾಗ ಎಲ್ಲ ಜಾಗವನ್ನೂ ಸೈಟ್ ಮಾಡಿ ಮಾರುವಂತಿಲ್ಲ. ಉದಾಹರಣೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ ತಗೊಳ್ಳಿ. ಬಡಾವಣೆಯ ಒಟ್ಟು ಜಾಗದಲ್ಲಿ ಶೇ. 15ಕ್ಕೆ ಕಡಿಮೆ ಇಲ್ಲದಂತೆ ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಇನ್ನೂ ಶೇ. 10 ನಾಗರಿಕ ಸೌಲಭ್ಯಗಳಿಗೆ ಬಿಡಬೇಕು ಅನ್ನುತ್ತದೆ ಅದು. ಬೇರೆ ಊರುಗಳಲ್ಲಿ ಪ್ರಮಾಣ ಹೆಚ್ಚುಕಡಿಮೆ ಇರಬಹುದು, ವಿಂಗಡಣೆ ಇದೇ ಥರ. ಓದಿದರೆ ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ?

ಎರಡು ಕಡೆ ಕೊಕ್ಕೆ ಇದೆ. ಒಂದು, 'ಪಾರ್ಕು ಮತ್ತು ಆಟದ ಮೈದಾನ' ಅಂತ ಎರಡನ್ನೂ ಒಂದೇ ಬುಟ್ಟಿಗೆ ಹಾಕಿರುವುದು. ಆ ಶೇ. 15ನ್ನು ಪೂರ್ತಿ ಪಾರ್ಕೇ ಮಾಡಿದರೂ ಲೆಕ್ಕ ಸರಿಹೋಗುತ್ತದೆ. ಮೈದಾನ ಸೊನ್ನೆ ಇದ್ದರೂ ಕಾನೂನು ಮುರಿದ ಹಾಗಾಗುವುದಿಲ್ಲ. ಎರಡು, ಸಿಎ ಸೈಟು, ಅಂದರೆ ಸಿವಿಕ್ ಅಮೆನಿಟಿ, ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ. ನಾಗರಿಕ ಸೌಲಭ್ಯ ಅಂದರೆ ಕಾನೂನಿನ ಪ್ರಕಾರ ಮಾರುಕಟ್ಟೆ, ಪೋಸ್ಟಾಫೀಸು, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಶಾಲೆ, ಆಸ್ಪತ್ರೆ, ಲೈಬ್ರರಿ, ಹೀಗೆ ಉದ್ದದ ಪಟ್ಟಿ. ಯಾರಿಗಾದರೂ ಹಂಚಿಕೆಯಾಗುವವರೆಗೆ ಆ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಕೆಲವೊಮ್ಮೆ ಇಪ್ಪತ್ತು ಮೂವತ್ತು ವರ್ಷ. ಆ ಇಪ್ಪತ್ತು ಮೂವತ್ತು ವರ್ಷದಲ್ಲಿ ಎರಡು ತಲೆಮಾರು ಅಲ್ಲಿ ಆಡಿ ಬೆಳೆದುಬಿಡುತ್ತದೆ, ಅದು ನಮ್ಮದು ಅಂತ ನಂಬಿಬಿಡುತ್ತದೆ. ಕಡತದಲ್ಲಿ ಮಾತ್ರ ಅದು ಮೊದಲ ದಿನದಿಂದಲೂ ಯಾರೋ ಬರಲಿ ಅಂತ ಕಾಯುತ್ತಿರುವ ಜಾಗ. ನಮ್ಮ ಹುಣಸೆಮರದ ಗ್ರೌಂಡಿನ ಮುಕ್ಕಾಲು ಭಾಗ ಇಂಥದ್ದೇ. ಕಳೆದ ವರ್ಷ ಲೇಔಟ್ ಪ್ಲಾನ್ ತೆಗೆಸಿ ನೋಡಿದೆ. ನಮ್ಮ ಬಾಲ್ಯವೆಲ್ಲ ಒಂದು ಚೌಕದೊಳಗೆ, ಮೇಲೆ ಎರಡೇ ಅಕ್ಷರ: ಸಿಎ. ಉಳಿದ ಒಂದು ತುಂಡಿನ ಮೇಲೆ 'ಪಾರ್ಕ್' ಅಂತಿತ್ತು. ಆ ತುಂಡು ಇವತ್ತಿಗೂ ಉಳಿದಿದೆ ಅನ್ನುವುದನ್ನು ಗಮನಿಸಿ.

ಅಂದರೆ ನಕ್ಷೆಯ ಮೇಲಿನ ಒಂದು ಪದಕ್ಕೆ ಅಷ್ಟು ಬೆಲೆ. ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಮೀಸಲಿದ್ದ ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟ್ ತನಕ ಏರಿತು, 1991ರಲ್ಲಿ ನಿವಾಸಿಗಳೇ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅಂತ ಆ ಕೇಸಿನ ಹೆಸರು. ಪಾರ್ಕಿಗೆ ಇಟ್ಟಿದ್ದನ್ನು ಹೀಗೆ ಬೇರೆಯದಕ್ಕೆ ಕೊಡುವಂತಿಲ್ಲ, ಮತ್ತು ಇದನ್ನು ಪ್ರಶ್ನಿಸಲು ಅಕ್ಕಪಕ್ಕದಲ್ಲಿ ವಾಸ ಮಾಡುವವರಿಗೆ ಹಕ್ಕಿದೆ ಅಂತ ಕೋರ್ಟ್ ಹೇಳಿತು. ಊರೂರಿನ ಪಾರ್ಕು ಉಳಿಸುವ ಹೋರಾಟಗಳಲ್ಲಿ ಈಗಲೂ ಈ ತೀರ್ಪನ್ನು ತೋರಿಸುತ್ತಾರೆ. ಆದರೆ ಅವರು ಗೆದ್ದದ್ದು ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದದ್ದರಿಂದ. 'ನಾವಿಲ್ಲಿ ಮೂವತ್ತು ವರ್ಷ ಚಿನ್ನಿದಾಂಡು ಆಡಿದ್ದೇವೆ ಸ್ವಾಮಿ' ಅಂದಿದ್ದರೆ ಎಷ್ಟು ನಡೆಯುತ್ತಿತ್ತೋ.

ಕಾನೂನು ಇಲ್ಲ ಅಂತಲ್ಲ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳನ್ನು ಕಾಪಾಡುವುದಕ್ಕೇ ಕರ್ನಾಟಕದಲ್ಲಿ 1985ರ ಒಂದು ಕಾಯ್ದೆ ಇದೆ. ಅದರ ನಡೆ ಇಷ್ಟು: ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಬಂದದ್ದನ್ನು ಬೇರೆ ಕೆಲಸಕ್ಕೆ ಬಳಸಬಾರದು. ಮತ್ತೆ ಲೆಕ್ಕದ ಪ್ರಶ್ನೆಗೇ ಬಂದೆವು. ಪಟ್ಟಿಯಲ್ಲಿ ಇದ್ದರೆ ರಕ್ಷಣೆ, ಇಲ್ಲದಿದ್ದರೆ ಇಲ್ಲ.

ಇದಕ್ಕಿಂತ ಕೆಟ್ಟ ಸ್ಥಿತಿ ರೆವಿನ್ಯೂ ಲೇಔಟುಗಳದ್ದು, ಅಂದರೆ ಮಂಜೂರಾತಿಯಿಲ್ಲದ ಬಡಾವಣೆಗಳದ್ದು. ನಮ್ಮ ಊರು ಬೆಂಗಳೂರಿಗೆ 70 ಕಿಲೋಮೀಟರ್. ರೈಲಿದೆ, ಹೈವೇ ಇದೆ, ವಸಂತನರಸಾಪುರದ ಕಡೆ ಫ್ಯಾಕ್ಟರಿಗಳಿವೆ. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಸುಮಾರು 3 ಲಕ್ಷ ಇತ್ತು, ಈಗ ಊರಿನ ಅಂಚು ಎಲ್ಲಿ ಮುಗಿಯುತ್ತದೆ ಅಂತ ಹೇಳುವುದೇ ಕಷ್ಟ. ಹೊಲ, ತೋಟಗಳನ್ನು ಮಂಜೂರಾತಿಯಿಲ್ಲದೆ ಸೈಟಾಗಿ ಹಂಚಿ ಮಾರಿದ ಕಡೆ ಒಂದಿಂಚೂ ಬಿಟ್ಟಿರುವುದಿಲ್ಲ, ಯಾಕೆಂದರೆ ಬಿಟ್ಟ ಒಂದೊಂದು ಸೈಟೂ ಲೇಔಟ್ ಮಾಡುವವನಿಗೆ ಲಕ್ಷಗಳ ಲೆಕ್ಕ. ರಸ್ತೆಗೇ ಇಪ್ಪತ್ತಡಿ ಬಿಡಲು ಅಳುತ್ತಾರೆ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ, ಅಂದರೆ ಮಂಜೂರಾತಿಯಿಲ್ಲದ ಆಸ್ತಿಯ ದಾಖಲೆ, ಕೊಡುವ ಅಭಿಯಾನ ಮಾಡಿತು. ಮನೆ ಕಟ್ಟಿಕೊಂಡವರಿಗೆ ಅದು ಬೇಕಿತ್ತು, ನಾನು ಬೇಡ ಅನ್ನುವುದಿಲ್ಲ, ನಮ್ಮ ನೆಂಟರೇ ಸಾಲಿನಲ್ಲಿ ನಿಂತಿದ್ದರು. ಆದರೆ ಮನೆಗೆ ಖಾತಾ ಕೊಡಬಹುದು, ಇಲ್ಲದ ಮೈದಾನಕ್ಕೆ ಯಾವ ಖಾತಾ? ಅಂಥ ಲೇಔಟಿನಲ್ಲಿ ಹುಟ್ಟಿದ ಮಗುವಿಗೆ ಗ್ರೌಂಡು ಕಳೆದುಕೊಂಡ ನೆನಪು ಕೂಡ ಇರುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. 30x40 ಅಡಿಯ ಎರಡು ಸೈಟುಗಳನ್ನು ಪಕ್ಕಪಕ್ಕ ಸೇರಿಸಿದರೆ ಅದು ಸುತ್ತ ಜಾಗ ಬಿಟ್ಟು ಕೂತುಕೊಳ್ಳುತ್ತದೆ. ಕೊಕ್ಕೊಗೆ 27 ಮತ್ತು 16 ಮೀಟರ್, ಆರು ಸೈಟಿದ್ದರೆ ಆಯಿತು. ಇನ್ನೂರು ಸೈಟಿನ ಬಡಾವಣೆಯಲ್ಲಿ ಆರು ಸೈಟು. ಅದೇನು ದೊಡ್ಡ ತ್ಯಾಗವೇ?

ಇನ್ನು ಉಳಿದ ತುಂಡಿನ ಕಥೆ. ಪಾರ್ಕ್ ಅಂತ ಉಳಿಯಿತಲ್ಲ, ಅಲ್ಲಾದರೂ ಆಡಬಹುದಲ್ಲ ಅಂತ ನೀವು ಕೇಳಬಹುದು. ಗೇಟಿನಲ್ಲಿ ಬೋರ್ಡಿದೆ: ಕ್ರಿಕೆಟ್ ಆಡಬಾರದು, ಹುಲ್ಲಿನ ಮೇಲೆ ನಡೆಯಬಾರದು, ಸೈಕಲ್ ತರಬಾರದು. ಸುತ್ತ ಟೈಲ್ಸ್ ಹಾಕಿದ ವಾಕಿಂಗ್ ಪಾತ್, ಮೂಲೆಯಲ್ಲಿ ದೊಡ್ಡವರ ಓಪನ್ ಜಿಮ್, ಒಂದು ಜಾರುಬಂಡೆ, ತುಕ್ಕು ಹಿಡಿದ ಜೋಕಾಲಿ. ಐದು ವರ್ಷದೊಳಗಿನವರಿಗೆ ಏನೋ ಇದೆ, ಐವತ್ತು ದಾಟಿದವರಿಗೆ ಎಲ್ಲವೂ ಇದೆ. ನಡುವೆ ಎಂಟರಿಂದ ಹದಿನಾರರ ತನಕದ ಮಕ್ಕಳಿಗೆ, ಅಂದರೆ ಓಡಬೇಕಾದ ವಯಸ್ಸಿನವರಿಗೆ, ಏನೂ ಇಲ್ಲ. ಅವರು ಬೆಂಚಿನ ಮೇಲೆ ಸಾಲಾಗಿ ಕೂತು ಮೊಬೈಲಿನಲ್ಲಿ ಆಡುತ್ತಾರೆ, ಆಗ ವಾಕಿಂಗ್ ಬಂದ ಹಿರಿಯರು 'ಈಗಿನ ಮಕ್ಕಳಿಗೆ ಮೊಬೈಲೇ ಪ್ರಪಂಚ' ಅನ್ನುತ್ತಾರೆ. ನನಗೆ ಇದಕ್ಕೇ ಸಿಟ್ಟು ಬರುವುದು. ಅವರ ಕಾಲಿನ ಕೆಳಗಿನ ನೆಲವನ್ನು ಕಿತ್ತುಕೊಂಡವರು ನಾವು, ಬೈಯುವವರೂ ನಾವೇ.

ಯಾರೂ ಬೇಕಂತ ಮಾಡಿದ್ದಲ್ಲ ಅನ್ನುವುದೂ ನಿಜ. ಖಾಲಿ ಜಾಗಕ್ಕೆ ಗುದ್ದಲಿ ಪೂಜೆ ಮಾಡೋಕಾಗಲ್ಲ. ಟೈಲ್ಸಿಗೆ ಅಂದಾಜುಪಟ್ಟಿ ಉಂಟು, ಟೆಂಡರ್ ಉಂಟು, ಬಿಲ್ ಉಂಟು, ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಲು ಜಾಗ ಉಂಟು. ಮಣ್ಣಿನ ಬಯಲಿಗೆ ಏನು ಬಿಲ್ ಮಾಡುತ್ತೀರಿ? ವರ್ಷಕ್ಕೊಮ್ಮೆ ಮುಳ್ಳುಗಿಡ ಕಿತ್ತು, ಗುಂಡಿ ಮುಚ್ಚಿ, ರೋಲರ್ ಹೊಡೆಸಿದರೆ ಸಾಕು, ಅಷ್ಟೇನು ಖರ್ಚಿಲ್ಲ, ಆ ಖರ್ಚಿಲ್ಲದಿರುವುದೇ ಅದರ ತೊಂದರೆ. ನಮ್ಮ ವ್ಯವಸ್ಥೆಯ ಕಣ್ಣಿಗೆ ಏನೂ ಕಟ್ಟದ ಜಾಗ ಅಂದರೆ ಇನ್ನೂ ಅಭಿವೃದ್ಧಿ ಆಗದ ಜಾಗ. ಜನರ ಕಣ್ಣಿಗೂ ಹಾಗೇ. ಕಾರ್ಪೊರೇಟರ್ ಹತ್ತಿರ ಹೋಗಿ 'ಏನೂ ಮಾಡಬೇಡಿ ಅಣ್ಣ, ಹಾಗೇ ಬಿಡಿ' ಅಂತ ಯಾರಾದರೂ ಮನವಿ ಕೊಟ್ಟದ್ದನ್ನು ಕೇಳಿದ್ದೀರಾ?

ಊರಿನಲ್ಲಿ ಆಟಕ್ಕೆ ದುಡ್ಡೇ ಹಾಕಿಲ್ಲ ಅಂದರೆ ತಪ್ಪಾಗುತ್ತದೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ತುಮಕೂರು ಆಯ್ಕೆಯಾದ ಮೇಲೆ ಮಹಾತ್ಮ ಗಾಂಧಿ ಕ್ರೀಡಾಂಗಣ ಹೊಸದಾಯಿತು, ಸಿಂಥೆಟಿಕ್ ಟ್ರ್ಯಾಕ್ ಬಂತು. ಅಮಾನಿಕೆರೆಯ ದಂಡೆಯಲ್ಲಿ ಓಡಾಡುವುದು ಈಗ ಖುಷಿ. ಜಿಲ್ಲೆಯ ಓಟಗಾರರಿಗೆ ಒಳ್ಳೆಯ ಟ್ರ್ಯಾಕ್ ಬೇಕೇ ಬೇಕು. ಆದರೆ ಸ್ಟೇಡಿಯಂ ಬೇರೆ, ಬೀದಿಯ ಗ್ರೌಂಡು ಬೇರೆ. ಹತ್ತು ವರ್ಷದ ಹುಡುಗ ಕ್ಯಾತ್ಸಂದ್ರದಿಂದಲೋ ಮರಳೂರಿನಿಂದಲೋ ದಿನಾ ಸಂಜೆ ಒಬ್ಬನೇ ಸ್ಟೇಡಿಯಮ್ಮಿಗೆ ಬರುತ್ತಾನಾ? ಬಿ.ಎಚ್. ರಸ್ತೆ ದಾಟಿಸಲು ದೊಡ್ಡವರೇ ಬೇಕು. ಮಗುವಿನ ಗ್ರೌಂಡು ಅಂದರೆ ಅಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇರಬೇಕು. ಸರ್ಕಾರಿ ಜೂನಿಯರ್ ಕಾಲೇಜು ಮೈದಾನದಂಥ ದೊಡ್ಡ ಬಯಲುಗಳಿಗೆ ಇನ್ನೊಂದು ಸಮಸ್ಯೆ: ಸಮಾವೇಶ, ಸಮಾರಂಭ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅವೇ. ಪೆಂಡಾಲ್ ಬಿಚ್ಚಿದ ಮೇಲೆ ಗೂಟದ ಗುಂಡಿ, ಊಟದ ತಟ್ಟೆಗಳ ನಡುವೆ ಮಕ್ಕಳು ಪಿಚ್ ಹುಡುಕಬೇಕು.

ಶಾಲೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಏನೇನಿರಬೇಕು ಅಂತ ಪಟ್ಟಿ ಇದೆ. ಅದರಲ್ಲಿ ಆಟದ ಮೈದಾನವೂ ಇದೆ. ಅಳತೆ ಹೇಳಿಲ್ಲ. ಅದರ ಮುಂದಿನ ಸಾಲೇ ಕಾಂಪೌಂಡು ಅಥವಾ ಬೇಲಿ. ಮೈದಾನ ಅರ್ಧಂಬರ್ಧ ಇರುವ ಕಡೆಯೂ ಕಾಂಪೌಂಡು ಗಟ್ಟಿಯಾಗಿರುತ್ತದೆ. ಸಂಜೆ ಬಾಗಿಲು ಬೀಗ. ಕುಡುಕರು ಬರುತ್ತಾರೆ, ಕಿಟಕಿ ಗಾಜು ಒಡೆಯುತ್ತಾರೆ, ಬೆಳಿಗ್ಗೆ ಬಾಟಲಿ ಹೆಕ್ಕುವವರು ಯಾರು ಅಂತ ಮೇಷ್ಟ್ರು ಕೇಳುತ್ತಾರೆ. ಅವರ ಮಾತಲ್ಲೂ ಅರ್ಥ ಇದೆ. ಹಾಗಂತ ಊರಿನ ಒಳಗೇ ಇರುವ, ದಾಖಲೆಯೂ ಸರಿ ಇರುವ ಆಟದ ಜಾಗಗಳು ದಿನಾ ಸಂಜೆ, ಇಡೀ ಬೇಸಿಗೆ ರಜೆ, ಖಾಲಿ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಡಲು ಜಾಗವಿಲ್ಲದ ಈ ಕೊರತೆ ತುಂಬಲು ಬಂದು ಕೂತದ್ದು ಬಾಡಿಗೆಯ ಟರ್ಫ್. ಸುತ್ತ ಎತ್ತರದ ಬಲೆ, ಕೆಳಗೆ ಪ್ಲಾಸ್ಟಿಕ್ ಹುಲ್ಲು, ಮೇಲೆ ಬೆಳ್ಳಗಿನ ಲೈಟು. ಮೊನ್ನೆ ಮಗನ ಬರ್ತ್‌ಡೇಗೆ ಒಂದು ಗಂಟೆಗೆ 800 ರೂಪಾಯಿ ಕೊಟ್ಟು ಅವನ ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ಚೆನ್ನಾಗಿಯೇ ಇತ್ತು. ಬಿದ್ದರೆ ತರಿಯುವುದಿಲ್ಲ, ಬಾಲ್ ಕಳೆಯುವುದಿಲ್ಲ. ಆದರೆ ಒಂದು ವಿಷಯ ಗಮನಿಸಿದೆ. ಒಬ್ಬ ಗೆಳೆಯನ ಜೊತೆ ಅವನ ತಂಗಿ ಬಂದಿದ್ದಳು, ಐದಾರು ವರ್ಷದವಳು. ಅವಳಿಗೆ ಯಾರೂ ಬ್ಯಾಟ್ ಕೊಡಲಿಲ್ಲ. ಕೆಟ್ಟ ಮಕ್ಕಳೇನಲ್ಲ ಅವರು. ಗೋಡೆಯ ಮೇಲೆ ಗಡಿಯಾರ ಇತ್ತು, ಹೊರಗೆ ಮುಂದಿನ ಬ್ಯಾಚ್ ಶೂ ಕಟ್ಟಿಕೊಂಡು ನಿಂತಿತ್ತು. ನಿಮಿಷಕ್ಕೆ ದುಡ್ಡು ಕೊಟ್ಟ ಆಟದಲ್ಲಿ ಲೆಕ್ಕಕ್ಕಿಲ್ಲದ ಎರಡು ಬಾಲ್ ಯಾರು ಕೊಡುತ್ತಾರೆ? ಆ ಹುಡುಗಿ ಬಲೆಯ ಆಚೆ ಕೂತು ಚಿಪ್ಸ್ ತಿಂದಳು.

ನನಗೆ ಆ ಹಳೆಯ ಗ್ರೌಂಡಿನಲ್ಲಿ ಬಹಳ ದೊಡ್ಡದಾಗಿ ಕಾಣುವುದು ಇದು. ಅಲ್ಲಿ ಏಳು ವರ್ಷದವನೂ ಹದಿನೇಳರವನೂ ಒಟ್ಟಿಗೆ ಇರುತ್ತಿದ್ದರು. ಅಂಪೈರ್ ಇರಲಿಲ್ಲ, ಕೋಚ್ ಇರಲಿಲ್ಲ. ರನ್ ಔಟಾ ಅಲ್ಲವಾ ಅನ್ನುವ ಜಗಳ ಕಾಲು ಗಂಟೆ ನಡೆಯುತ್ತಿತ್ತು, ಬ್ಯಾಟಿನ ಯಜಮಾನ ಬ್ಯಾಟ್ ತಗೊಂಡು ಮನೆಗೆ ಹೊರಡುತ್ತಿದ್ದ, ಅವನನ್ನು ಓಲೈಸಿ ವಾಪಸ್ ಕರೆತರಬೇಕಿತ್ತು, ನಾಳೆ ಮತ್ತೆ ಅವನ ಮುಖವನ್ನೇ ನೋಡಬೇಕಾದ್ದರಿಂದ ಯಾರೂ ಜಗಳವನ್ನು ತೀರಾ ದೂರ ಒಯ್ಯುತ್ತಿರಲಿಲ್ಲ. ಈಗ ನನ್ನ ಮಗ ವಾರಕ್ಕೆ ಮೂರು ದಿನ ಕೋಚಿಂಗಿಗೆ ಹೋಗುತ್ತಾನೆ. ಅವನ ಕವರ್ ಡ್ರೈವ್ ನನಗಿಂತ ಸಾವಿರ ಪಾಲು ಚೆನ್ನಾಗಿದೆ. ಆದರೆ ಜಗಳ ಬಂದರೆ ನೇರ ಕೋಚ್ ಹತ್ತಿರ ಓಡುತ್ತಾನೆ.

ಮೈಗೂ ಇದರ ಪೆಟ್ಟಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಹಾಗೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ತಜ್ಞರು 146 ದೇಶಗಳ ಅಂಕಿಅಂಶ ಸೇರಿಸಿ 2019ರಲ್ಲಿ ಕೊಟ್ಟ ವರದಿ ಪ್ರಕಾರ, 11ರಿಂದ 17 ವರ್ಷದವರಲ್ಲಿ ಶೇ. 81 ಮಕ್ಕಳು ಅಷ್ಟು ಓಡಾಡುವುದಿಲ್ಲ. ಕಣ್ಣಿನ ವಿಷಯವೂ ಹಾಗೇ. ಹಗಲ ಬೆಳಕಿನಲ್ಲಿ ಹೊರಗಿರುವ ಮಕ್ಕಳಿಗೆ ದೂರದ್ದು ಕಾಣದ ತೊಂದರೆ ಬರುವುದು ಕಡಿಮೆ. ತೈವಾನಿನಲ್ಲಿ ಕನ್ನಡಕದ ಮಕ್ಕಳು ವಿಪರೀತ ಹೆಚ್ಚಾದಾಗ, 2010ರಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರು ಮಾಡಿದರು. ಔಷಧಿ ಅಲ್ಲ, ಬಿಸಿಲು. ರಾತ್ರಿ ಎಂಟಕ್ಕೆ ಟರ್ಫ್ ಲೈಟಿನ ಕೆಳಗೆ ಆಡಿದರೆ ಈ ಲಾಭ ಸಿಗುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಈಗ ಮಾಡುವುದೇನು? ಹೋದ ಹುಣಸೆಮರದ ಗ್ರೌಂಡು ಬರುವುದಿಲ್ಲ. ಟ್ಯಾಂಕ್ ಒಡೆಯಲಾಗದು, ಗುಡಿ ಕದಲಿಸುವ ಮಾತು ಬಾಯಲ್ಲೇ ಇರಲಿ. ಆದರೆ ಇನ್ನೂ ಖಾಲಿ ಇರುವ ಸಿಎ ಸೈಟುಗಳು ಊರಲ್ಲಿ ಬೇಕಾದಷ್ಟಿವೆ, ಅಲ್ಲಿ ಇವತ್ತು ಸಂಜೆಯೂ ಮಕ್ಕಳು ಆಡುತ್ತಿರುತ್ತಾರೆ. ಅಂಥ ಜಾಗದ ಪಕ್ಕ ನಿಮ್ಮ ಮನೆ ಇದ್ದರೆ ಲೇಔಟ್ ಪ್ಲಾನ್ ಪ್ರತಿ ತೆಗೆಸಿ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ. ಅದರ ಮೇಲೆ ಏನು ಬರೆದಿದೆ ನೋಡಿ. ಪಾರ್ಕ್ ಅಂತಲೋ ಮೈದಾನ ಅಂತಲೋ ಇದ್ದರೆ ನಿಮ್ಮ ಕೈಯಲ್ಲಿ ಅಸ್ತ್ರ ಇದೆ, 1985ರ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಸಿಎ ಅಂತ ಇದ್ದರೆ ಹಂಚಿಕೆಯಾಗುವ ಮುಂಚೆಯೇ ಆಟಕ್ಕೆ ಇಡಿ ಅಂತ ಕೇಳಬೇಕು, ಆಮೇಲೆ ಕೇಳಿದರೆ ಪಾಯ ತೋಡಿರುತ್ತಾರೆ. ನಾವು ಕೇಳಿದ್ದು ಆಮೇಲೆ. ನಾನು ಹೋದ ಕಚೇರಿಯಲ್ಲಿ ಗುಮಾಸ್ತರು ನಕ್ಷೆ ಸುತ್ತಿಡುತ್ತಾ 'ಹತ್ತು ವರ್ಷ ಮುಂಚೆ ಬರಬೇಕಿತ್ತು ಸಾರ್' ಅಂದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಅಂದರು.

ಹಾಗಾಗಿ ನಮಗೆ ಉಳಿದದ್ದು ಪಾರ್ಕಿನ ಆ ತುಂಡು. ಬಡಾವಣೆಯ ಸಂಘದ ಸಭೆಯಲ್ಲಿ ಮಾತೆತ್ತಿದೆ. ನಡುವಿನ ಹುಲ್ಲು ಹೇಗೂ ಒಣಗಿ ಹೋಗಿದೆ, ಅಲ್ಲಿ ಮಕ್ಕಳು ಆಡಲಿ ಅಂತ. ಗಲಾಟೆಯೇ ಆಯಿತು. 'ಬಾಲ್ ಬಂದು ವಾಕಿಂಗ್ ಮಾಡೋರ ಕನ್ನಡಕಕ್ಕೆ ಬಿದ್ರೆ ಯಾರಪ್ಪ ಹೊಣೆ?' ಅಂದರು ಒಬ್ಬರು ಹಿರಿಯರು. ಇನ್ನೊಬ್ಬರಿಗೆ ಹೊರಗಿನ ಬೀದಿಯ ಹುಡುಗರು ಬಂದುಬಿಡುತ್ತಾರೆ ಅನ್ನುವ ಚಿಂತೆ. ಹೊರಗಿನ ಬೀದಿ ಅಂದರೆ ಅದೇ ಪಕ್ಕದ ಕಾಲೋನಿ. ಆ ಮಾತಿಗೆ ನಾನು ಸುಮ್ಮನಿರಲಿಲ್ಲ, ಸ್ವಲ್ಪ ಜೋರಾಗಿಯೇ ಆಯಿತು. ಆಶ್ಚರ್ಯ ಅಂದರೆ ನನ್ನ ಪರ ಎದ್ದು ನಿಂತದ್ದು ಮೂವರು ಅಜ್ಜಿಯರು. ಮನೆಯಲ್ಲಿ ಮೊಮ್ಮಕ್ಕಳ ಕಾಟ ತಡೆಯುವವರು ಅವರೇ ಅಲ್ವಾ.

ಮೂರು ಸಭೆ ಆದ ಮೇಲೆ ಒಂದು ರಾಜಿ ಆಯಿತು. ದಿನಾ ನಾಲ್ಕೂವರೆಯಿಂದ ಆರು. ರಬ್ಬರ್ ಬಾಲ್ ಮಾತ್ರ. ವಾರದಲ್ಲಿ ಎರಡು ದಿನ ಹೆಣ್ಣುಮಕ್ಕಳ ಕೊಕ್ಕೊಗೆ ಮೊದಲ ಹಕ್ಕು, ಇದು ಅಕ್ಕ ಫೋನಿನಲ್ಲಿ ಕೊಟ್ಟ ಸಲಹೆ. ಯಾವ ಬೀದಿಯವರು ಅಂತ ಗೇಟಲ್ಲಿ ಕೇಳುವಂತಿಲ್ಲ. ಬೋರ್ಡಿನ ಮೇಲಿನ 'ಕ್ರಿಕೆಟ್ ಆಡಬಾರದು' ಅನ್ನುವ ಸಾಲಿಗೆ ಯಾರೋ ಸುಣ್ಣ ಬಳಿದರು. ಇದೆಲ್ಲ ಬಾಯಿಮಾತಿನ ಒಪ್ಪಂದ, ಮುಂದಿನ ವರ್ಷ ಸಂಘಕ್ಕೆ ಬೇರೆಯವರು ಬಂದರೆ ಮತ್ತೆ ಶುರುವಿನಿಂದ ಶುರು. ಅದಕ್ಕೇ ನಡಾವಳಿ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದೆ.

ಆರು ಗಂಟೆಗೆ ವಾಚ್‌ಮನ್ ಸೀಟಿ ಊದುತ್ತಾರೆ. ಮಕ್ಕಳು ಒಂದೇ ಸಲಕ್ಕೆ ಹೋಗುವುದಿಲ್ಲ. ಇವತ್ತು ಯಾರ ಬ್ಯಾಟಿಂಗ್ ಉಳಿಯಿತು, ನಾಳೆ ಯಾರು ಮೊದಲು ಅಂತ ಗೇಟಿನ ಹತ್ತಿರ ಹತ್ತು ನಿಮಿಷ ಕಿತ್ತಾಡುತ್ತಾರೆ. ನಿನ್ನೆಯೂ ಆಯಿತು. ವಾಚ್‌ಮನ್ ಎರಡನೇ ಸಲ ಸೀಟಿ ಊದಿದರು.